ಕಳ್ಳರ ಕೈಗೆ ಸಿಕ್ಕಿದವನೂ ಅವನಿಗೆ ನೆರವಾಗುವವನೂ

ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿದ ಮನುಷ್ಯನ ಸಾಮ್ಯವನ್ನು (ಲೂಕ 10:30-37) ನಮ್ಮ ಸಭೆಗಳಲ್ಲಿ ಅರಿಯದವರು ಇಲ್ಲ. ಭಾನುವಾರದ ಶಾಲೆಯ ಮಕ್ಕಳು ಸಹ ಅದನ್ನು ಬಾಯಿಪಾಠವಾಗಿ ಹೇಳುವರು. ಈ ಸಾಮ್ಯದ ಮೇಲೆ ಪ್ರಸಂಗ ಮಾಡುವವರು ಸಾಧಾರಣವಾಗಿ ಕಂಡೂ ಕಾಣದವರಂತೆ ಹೋದ ಯಾಜಕನನ್ನೂ ಲೇವಿಯನನ್ನೂ ಖಂಡಿಸುತ್ತಾರೆ, ಅದು ಯುಕ್ತವೇ. ಆದರೆ ಈ ತಿಂಗಳಲ್ಲಿ ನಾವು ದಾಟಿಹೋಗುವವರನ್ನು ಕುರಿತು ಬರೆಯದೆ, ನಿಲ್ಲುವವರನ್ನು ಕುರಿತು ಬರೆಯಲು ಮನಸ್ಸು ಮಾಡಿದ್ದೇವೆ. ಯಾಕಂದರೆ ನಿಂತ ಮಾತ್ರದಿಂದ ಧರ್ಮವು ಪೂರ್ಣವಾಗುವದಿಲ್ಲ. ಬಿದ್ದವನಲ್ಲಿ ಬಲವಿಲ್ಲ, ನಿಂತವನಲ್ಲಿ ಬಲ ಉಂಟು. ಬಲವುಳ್ಳವನು ಬಲವಿಲ್ಲದವನನ್ನು ತನ್ನ ಕೈಯಲ್ಲಿ ಎತ್ತಿಕೊಂಡಾಗ, ತನಗೆ ಸರಿದೋರಿದ ಹಾಗೆಲ್ಲಾ ಅವನನ್ನು ನಡಿಸಬಹುದೆಂಬ ಶೋಧನೆಯು ಅವನಿಗೆ ಬರುತ್ತದೆ.

ಕಳ್ಳರು ಆ ದಾರಿಗನಿಂದ ಏನೇನು ತೆಗೆದುಕೊಂಡರು? ಬಟ್ಟೆಯನ್ನು, ಹಣವನ್ನು, ಅರ್ಧ ಪ್ರಾಣವನ್ನು. ಅವನಿಗೆ ಉಳಿದದ್ದೇನು? ಅವನ ಮಾನ, ತನ್ನ ಸಂಗತಿಯನ್ನು ತಾನೇ ಹೇಳುವ ಅಥವಾ ಹೇಳದಿರುವ ಅಧಿಕಾರ, ದೂರು ಕೊಡುವ ಇಲ್ಲವೆ ಕ್ಷಮಿಸುವ ಸ್ವಾತಂತ್ರ್ಯ. ನೆರವಾಗುವವನು ಪ್ರೀತಿಯ ಹೆಸರಿನಿಂದ ಈ ಉಳಿದದ್ದನ್ನೂ ತೆಗೆದುಕೊಂಡರೆ ಆ ಬಡವನು ಎರಡು ಸಾರಿ ಸುಲಿಯಲ್ಪಟ್ಟ ಹಾಗಾಯಿತು. ಆದಕಾರಣ ನಮ್ಮ ಪ್ರಶ್ನೆ ಏನಂದರೆ: ಅನ್ಯಾಯಕ್ಕೆ ಗುರಿಯಾದವರಿಗೆ ನೆರವಾಗುವವನು ಎಲ್ಲಿಯ ವರೆಗೆ ಹೋಗಬೇಕು? ಎಲ್ಲಿ ನಿಲ್ಲಬೇಕು?

ಇದು ದೂರದ ಪಟ್ಟಣದವರ ಪ್ರಶ್ನೆಯೆಂದು ಯಾರೂ ನೆನಸದಿರಲಿ. ಗದ್ದೆಯ ಬದುವಿನ ನಿಮಿತ್ತ ಹೊಡೆಯಲ್ಪಟ್ಟವನು, ಹೆಬ್ಬೆಟ್ಟನ್ನು ಒತ್ತಿಸಿಕೊಂಡು ಮೋಸಮಾಡಲ್ಪಟ್ಟ ಮುದುಕ, ಗಂಡನ ಕೈಯಿಂದ ನಿತ್ಯ ಪೆಟ್ಟು ತಿನ್ನುವ ಹೆಂಡತಿ, ಮಾನಭಂಗಕ್ಕೆ ಒಳಗಾದ ಹುಡುಗಿ, ಸ್ವಂತ ನಂಟನಿಂದಲೇ ಕೆಡಿಸಲ್ಪಟ್ಟ ಮಗು, ಇಂಥವರು ಹಳ್ಳಿಗಳಲ್ಲಿಯೂ ಇದ್ದಾರೆ. ಇವರ ಬಳಿಗೆ ಮೊದಲು ಬರುವವರು ಪೋಲೀಸರೂ ಅಲ್ಲ, ವಕೀಲರೂ ಅಲ್ಲ. ನೆರೆಯವರು, ಉಪದೇಶಿ, ಸಭೆಯ ಹಿರಿಯರು, ಸ್ತ್ರೀ ಸಂಘದ ಅಕ್ಕಂದಿರು. ಆ ಮೊದಲನೆಯ ಗಳಿಗೆಯಲ್ಲಿ ನಾವು ಆಡುವ ಮಾತಿನಿಂದ ಮುಂದಿನ ಅನೇಕ ವರುಷಗಳು ಕೆಡಬಹುದು ಅಥವಾ ಸುಧಾರಿಸಬಹುದು.

ಮೊದಲನೆಯದಾಗಿ ನಂಬುವ ವಿಷಯವನ್ನು ವಿಚಾರಿಸೋಣ. ಯಾರಾದರೂ ನಮ್ಮ ಬಳಿಗೆ ಬಂದು ಅಳುತ್ತಾ ತನಗಾದ ಅನ್ಯಾಯವನ್ನು ಹೇಳಿದರೆ, ಅದು ನಿಜವೋ ಸುಳ್ಳೋ ಎಂಬ ಸಂದೇಹವು ಕೆಲವರ ಮನಸ್ಸಿನಲ್ಲಿ ಏಳುತ್ತದೆ. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಯಾವ ಮಾತನ್ನೂ ಸ್ಥಾಪಿಸಬಾರದೆಂಬ ಮೋಶೆಯ ನಿಯಮವನ್ನು (ಧರ್ಮೋಪದೇಶಕಾಂಡ 19:15) ಹಿರಿಯರು ಆಗ ಎತ್ತಿ ತೋರಿಸುವದುಂಟು. ನಾವು ಆ ನಿಯಮವನ್ನು ಅಲ್ಲಗಳೆಯುವದಿಲ್ಲ. ಆದರೆ ಅದು ಯಾವದಕ್ಕೆ ಸೇರಿದ್ದು? ಒಬ್ಬನನ್ನು ಅಪರಾಧಿಯೆಂದು ತೀರ್ಪುಮಾಡಿ ಶಿಕ್ಷಿಸುವದಕ್ಕೆ ಸೇರಿದ್ದು. ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ಯುವದಕ್ಕೆ ಸೇರಿದ್ದಲ್ಲ. ಸಮಾರ್ಯದವನು ಕಳ್ಳರು ಎಷ್ಟು ಮಂದಿ, ಸಾಕ್ಷಿಗಳು ಯಾರು ಎಂದು ವಿಚಾರಿಸಿದ ಮೇಲೆ ಗಾಯ ಕಟ್ಟಲಿಲ್ಲ. ಗಾಯ ಕಟ್ಟುವದಕ್ಕೆ ತೀರ್ಪು ಬೇಕಾಗಿಲ್ಲ. ದಂಡಿಸುವದಕ್ಕೆ ಮಾತ್ರ ಬೇಕು. ಈ ಎರಡನ್ನು ಬೇರೆಬೇರೆ ಮಾಡಿಕೊಂಡರೆ ನಮ್ಮ ಸಂಕಟವು ಬಹಳ ಮಟ್ಟಿಗೆ ಪರಿಹಾರವಾಗುವದು. ದುಃಖದಲ್ಲಿ ಬಂದವಳ ಮಾತನ್ನು ತಾಳ್ಮೆಯಿಂದ ಕೇಳಿ ಅವಳನ್ನು ವೈದ್ಯರ ಬಳಿಗೆ ಕರಕೊಂಡು ಹೋಗುವದರಿಂದ ನಾವು ಯಾರನ್ನೂ ಅಪರಾಧಿಯೆಂದು ನಿರ್ಣಯಿಸಿದಂತಾಗುವದಿಲ್ಲ. ಆಪಾದಿಸಲ್ಪಟ್ಟವನಿಗೂ ನ್ಯಾಯವು ಸಲ್ಲತಕ್ಕದ್ದೇ. ಒಂದು ಪಕ್ಷದವನ ಮಾತು ಮೊದಲು ಸರಿಯಾಗಿ ತೋರಿದರೂ ಮತ್ತೊಬ್ಬನು ಬಂದು ಪರೀಕ್ಷಿಸುವನೆಂದು ಜ್ಞಾನೋಕ್ತಿಗಳ ಗ್ರಂಥವು (18:17) ನಮ್ಮನ್ನು ಎಚ್ಚರಿಸುತ್ತದೆ. ಆದರೆ ಆ ಪರೀಕ್ಷೆಯ ಸ್ಥಳವು ನ್ಯಾಯಾಲಯ, ರೋಗಿಯ ಹಾಸಿಗೆಯ ಪಕ್ಕವಲ್ಲ.

ಇದಲ್ಲದೆ, ಆ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋದೆ, ಒಬ್ಬಳೇ ಯಾಕೆ ನಡೆದೆ, ಬಾಗಿಲು ಯಾಕೆ ಹಾಕಿಕೊಳ್ಳಲಿಲ್ಲ ಎಂದು ಕೇಳುವ ಪದ್ಧತಿಯನ್ನು ನಾವು ಬಿಟ್ಟುಬಿಡಬೇಕು. ಇಂಥ ಪ್ರಶ್ನೆಗಳು ಕಳ್ಳನ ಅಪರಾಧದಲ್ಲಿ ಒಂದು ಪಾಲನ್ನು ದಾರಿಗನ ತಲೆಯ ಮೇಲೆ ಹೊರಿಸುತ್ತವೆ. ಯೆರಿಕೋವಿನ ದಾರಿಯು ನಿರ್ಜನವಾದ ಗುಡ್ಡಗಳ ನಡುವೆ ಇಳಿಯುವ ಅಪಾಯದ ದಾರಿಯಾಗಿತ್ತು. ಆದರೂ ಆ ಮನುಷ್ಯನು ಒಂಟಿಯಾಗಿ ಯಾಕೆ ಹೋದನೆಂದು ನಮ್ಮ ಕರ್ತನು ಒಂದು ಮಾತನ್ನಾದರೂ ಆಡಲಿಲ್ಲ. ಹೊಲದಲ್ಲಿ ಬಲಾತ್ಕಾರಕ್ಕೆ ಒಳಗಾದ ಹುಡುಗಿಯ ಮೇಲೆ ಯಾವ ದೋಷವೂ ಇಲ್ಲವೆಂದೂ ಅವಳ ಸಂಗತಿಯು ನೆರೆಯವನಿಂದ ಕೊಲ್ಲಲ್ಪಟ್ಟವನ ಸಂಗತಿಯ ಹಾಗಿದೆಯೆಂದೂ ಮೋಶೆಯ ಧರ್ಮಶಾಸ್ತ್ರವೇ ತಿಳಿಸುತ್ತದೆ (ಧರ್ಮೋಪದೇಶಕಾಂಡ 22:25-27). ಹೀಗಿರಲಾಗಿ ಕೃಪೆಯ ಕೆಳಗೆ ಇರುವ ನಾವು ಮೋಶೆಗಿಂತ ಕಠಿನರಾಗಬಹುದೋ?

ಆಪಾದಿಸಲ್ಪಟ್ಟವನು ನಮ್ಮ ಸಭೆಯವನೇ ಆಗಿದ್ದರೆ ಏನು ಮಾಡಬೇಕು? ಅವನಿಗೂ ಪಾಲನೆ ಬೇಕು. ಆದರೆ ಒಬ್ಬನೇ ಹಿರಿಯನು ಬೆಳಿಗ್ಗೆ ಇವಳ ಮನೆಯಲ್ಲಿಯೂ ಸಾಯಂಕಾಲ ಅವನ ಮನೆಯಲ್ಲಿಯೂ ಕೂತುಕೊಂಡರೆ ಇಬ್ಬರಿಗೂ ಅವನಲ್ಲಿ ನಂಬಿಕೆ ಉಳಿಯದು. ಇಬ್ಬರ ಬಳಿಗೆ ಬೇರೆಬೇರೆ ಮಂದಿ ಹೋಗಲಿ. ಆಪಾದಿತನು ಹಿರಿಯನೋ ಉಪದೇಶಿಯೋ ಆಗಿದ್ದರೆ, ವಿಚಾರಣೆ ಮುಗಿಯುವ ತನಕ ಅವನು ತನ್ನ ಉದ್ಯೋಗದಿಂದ ದೂರವಿರುವದೇ ಸಭೆಗೆ ಕ್ಷೇಮಕರವೂ ಅವನಿಗೆ ಗೌರವಕರವೂ ಆಗಿದೆ.

ಎರಡನೆಯದಾಗಿ ಗುಟ್ಟಿನ ವಿಷಯ. ನಮ್ಮ ಸಭೆಗಳಲ್ಲಿ ಒಬ್ಬರ ಕಷ್ಟವನ್ನು ಪ್ರಾರ್ಥನಾ ಕೂಟದಲ್ಲಿ ಹೆಸರು ಹೇಳಿ ತಿಳಿಸುವ ಒಳ್ಳೇ ಪದ್ಧತಿ ಉಂಟು. ಆದರೆ ಮಾನಕ್ಕೆ ಸಂಬಂಧಪಟ್ಟ ಅನ್ಯಾಯವನ್ನು ಹೀಗೆ ತಿಳಿಸಿದಾಗ, ಪ್ರಾರ್ಥನೆಯು ಮುಗಿಯುವದರೊಳಗೆ ಅದು ಕೆರೆಯ ಏರಿಯ ಮೇಲಿನ ಹರಟೆಯಾಗುತ್ತದೆ. ದೇವರು ಹೆಸರಿಲ್ಲದ ಪ್ರಾರ್ಥನೆಯನ್ನೂ ಕೇಳುವಾತನಾಗಿದ್ದಾನೆ. ಬಲಾತ್ಕಾರಕ್ಕೆ ಒಳಗಾದವಳ ಹೆಸರನ್ನಾಗಲಿ ಗುರುತನ್ನಾಗಲಿ ಅಚ್ಚುಹಾಕುವದೂ ಪ್ರಕಟಿಸುವದೂ ಎರಡು ವರುಷಗಳ ವರೆಗೆ ಸೆರೆಮನೆಗೆ ಕಾರಣವಾಗಬಹುದಾದ ಅಪರಾಧವೆಂದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮು ವಿಧಿಸುತ್ತದೆ. ಹಿಂದಿನ ದಂಡಸಂಹಿತೆಯಲ್ಲಿಯೂ ಇಂಥ ವಿಧಿ ಇತ್ತು. ಮಿಶನ್ ವರದಿಗಳನ್ನು ಬರೆಯುವವರಿಗೂ ನಮ್ಮಂಥ ಪತ್ರಿಕೆಗಳವರಿಗೂ ಇದರಲ್ಲಿ ಶೋಧನೆ ಉಂಟು. ಕಣ್ಣೀರನ್ನು ತರಿಸುವ ಕಥೆಯೂ ಚಿತ್ರವೂ ಕಾಣಿಕೆಯನ್ನು ಹೆಚ್ಚಿಸಬಹುದು. ಆದರೆ ಆ ಕಣ್ಣೀರು ಯಾರದೋ ಅವರ ಮನಃಪೂರ್ವಕವಾದ ಒಪ್ಪಿಗೆಯಿಲ್ಲದೆ ಅದನ್ನು ಉಪಯೋಗಿಸುವದು ನ್ಯಾಯವಲ್ಲ. ನಮ್ಮ ಉಪಕಾರವನ್ನು ಹೊಂದಿದವನು ಬೇಡವೆನ್ನಲು ಅಂಜುವನು; ಆದದರಿಂದ ಅವನ ಮೌನವನ್ನು ಒಪ್ಪಿಗೆಯೆಂದು ಎಣಿಸಬಾರದು.

ಆದರೆ ಗುಟ್ಟಿಗೆ ಒಂದು ಮೇರೆಯೂ ಉಂಟು. ಒಂದು ಮಗುವು ನಮ್ಮ ಬಳಿಗೆ ಬಂದು, ಯಾರಿಗೂ ಹೇಳುವದಿಲ್ಲವೆಂದು ಮಾತು ಕೊಟ್ಟರೆ ಒಂದು ಸಂಗತಿಯನ್ನು ಹೇಳುತ್ತೇನೆ ಅನ್ನಬಹುದು. ಕೇಳುವದಕ್ಕಿಂತ ಮುಂಚೆ ಅಂಥ ಮಾತನ್ನು ಕೊಡಲೇಬಾರದು. ಹದಿನೆಂಟು ವರುಷದೊಳಗಿನ ಮಕ್ಕಳ ಮೇಲೆ ನಡೆಯುವ ಲೈಂಗಿಕ ಅಪರಾಧಗಳನ್ನು ಬಲ್ಲವರು ಪೋಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯಿದೆಯು ಆಜ್ಞಾಪಿಸುತ್ತದೆ; ತಿಳಿಸದಿರುವದು ಶಿಕ್ಷೆಗೆ ಯೋಗ್ಯವಾದ ಅಪರಾಧ. ಶಾಲೆ, ವಸತಿಗೃಹ ಮುಂತಾದ ಸಂಸ್ಥೆಗಳ ಮುಖ್ಯಸ್ಥರಿಗೆ ಶಿಕ್ಷೆಯು ಇನ್ನೂ ಹೆಚ್ಚು. ಆದಕಾರಣ ಮಗುವಿಗೆ ನಾವು ಹೇಳತಕ್ಕದ್ದು ಇಷ್ಟೇ: ನಿನ್ನನ್ನು ಕಾಪಾಡುವದಕ್ಕೆ ಬೇಕಾದವರಿಗೆ ಮಾತ್ರ ಹೇಳುವೆವು, ಮತ್ತಾರಿಗೂ ಹೇಳೆವು, ನಿನಗೆ ತಿಳಿಸದೆ ಏನೂ ಮಾಡೆವು. ಮುರಿಯಬೇಕಾದ ಪ್ರಮಾಣವನ್ನು ಮಾಡಿ, ಒಂದು ಸಾರಿ ದೊಡ್ಡವರಿಂದ ವಂಚಿಸಲ್ಪಟ್ಟ ಮಗುವನ್ನು ಎರಡನೆಯ ಸಾರಿ ವಂಚಿಸಬಾರದು.

ಪ್ರಾಯ ತುಂಬಿದ ಸ್ತ್ರೀಯ ಸಂಗತಿ ಬೇರೆ. ಅವಳು ದೂರು ಕೊಡಲು ಮನಸ್ಸಿಲ್ಲವೆಂದರೆ ನಾವೇನು ಮಾಡಬೇಕು? ಒಂದು ಕಡೆಯಲ್ಲಿ ಅವಳ ಚಿತ್ತವನ್ನು ಗೌರವಿಸಬೇಕು. ಯಾಕಂದರೆ ಅವಳ ಚಿತ್ತವನ್ನು ಒಬ್ಬನು ಆಗಲೇ ತುಳಿದಿದ್ದಾನೆ. ಇನ್ನೊಂದು ಕಡೆಯಲ್ಲಿ, ಆ ದುಷ್ಟನು ನಾಳೆ ಬೇರೊಬ್ಬಳನ್ನು ಹಿಡಿಯಬಹುದು. ಇದು ಸುಲಭವಾದ ಪ್ರಶ್ನೆಯಲ್ಲ. ಒಂದೇ ಮಾತಿನಲ್ಲಿ ಉತ್ತರ ಕೊಡುವವರು ಅದರ ಭಾರವನ್ನು ಹೊತ್ತು ನೋಡಿದವರಲ್ಲ. ನಮ್ಮ ಅಭಿಪ್ರಾಯವೇನಂದರೆ, ಪ್ರಾಣಾಪಾಯವಿದ್ದರೆ ಇಲ್ಲವೆ ಮಗುವಿಗೆ ಕೇಡು ಉಂಟಾಗುವ ಭಯವಿದ್ದರೆ ತಡಮಾಡಬಾರದು. ಬೇರೆ ಸಂಗತಿಗಳಲ್ಲಿ ಅವಳ ಮುಂದೆ ಇರುವ ದಾರಿಗಳನ್ನೆಲ್ಲಾ ತಿಳಿಸಿ, ಯಾವ ದಾರಿಯನ್ನು ಹಿಡಿದರೂ ಜೊತೆಯಲ್ಲಿ ಬರುವೆವೆಂದು ಹೇಳಿ, ಕಾದಿರಬೇಕು. ಒಬ್ಬಳೇ ಹೋಗಬೇಕೆಂಬ ಭಯದಿಂದ ಬೇಡವೆಂದವಳು ಜೊತೆ ಸಿಕ್ಕಿದ ಮೇಲೆ ಧೈರ್ಯ ತಂದುಕೊಳ್ಳುವದುಂಟು. ಆದರೆ ಅವಳನ್ನು ಹೆದರಿಸುವದಾಗಲಿ, ಅವಳ ಹಿಂದುಗಡೆಯಲ್ಲಿ ಕಾರ್ಯ ನಡಿಸುವದಾಗಲಿ ಕೂಡದು.

ಮೂರನೆಯದಾಗಿ ಕ್ಷಮೆಯ ವಿಷಯವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಬರೆಯುವೆವು. ಯಾಕಂದರೆ ಕ್ರೈಸ್ತರಾದ ನಾವು ಹೆಚ್ಚಾಗಿ ಎಡವುವದು ಇಲ್ಲಿಯೇ. ಒಬ್ಬ ಸಹೋದರನು ಹೊಡೆಯಲ್ಪಟ್ಟು ಬಿದ್ದಿರುವಾಗ, ರಕ್ತವು ಆರುವದಕ್ಕಿಂತ ಮುಂಚೆಯೇ, ಕ್ಷಮಿಸಿಬಿಡು, ಕ್ರೈಸ್ತನು ಸೇಡು ತೀರಿಸಬಾರದು ಎಂದು ಹೇಳುವವರು ಉಂಟು. ಕ್ಷಮಿಸಬೇಕೆಂಬದು ನಮ್ಮ ಕರ್ತನ ಆಜ್ಞೆಯೇ ಸರಿ. ಅದನ್ನು ಕಡಿಮೆಮಾಡಲು ನಮಗೆ ಅಧಿಕಾರವಿಲ್ಲ. ಆದರೆ ಕ್ಷಮೆಯು ಯಾರ ಸೊತ್ತು? ಸಾಲವನ್ನು ಬಿಟ್ಟುಕೊಡುವವನು ಸಾಲ ಕೊಟ್ಟವನೇ ಹೊರತು ಅವನ ನೆರೆಯವನಲ್ಲ. ಯೋಸೇಫನು ತನ್ನ ಅಣ್ಣಂದಿರನ್ನು ಕ್ಷಮಿಸಿದನು (ಆದಿಕಾಂಡ 45). ಗುಂಡಿಯಲ್ಲಿ ಹಾಕಲ್ಪಟ್ಟವನೂ ಮಾರಲ್ಪಟ್ಟವನೂ ಅವನೇ. ಸ್ತೆಫನನು ತನ್ನನ್ನು ಕೊಲ್ಲುವವರಿಗಾಗಿ ಬೇಡಿಕೊಂಡನು (ಅಪೊಸ್ತಲರ ಕೃತ್ಯಗಳು 7:60). ಕಲ್ಲೇಟು ಬಿದ್ದದ್ದು ಅವನ ಮೇಲೆಯೇ. ಪಕ್ಕದಲ್ಲಿ ಸುಖವಾಗಿ ನಿಂತಿದ್ದ ಒಬ್ಬನು ಸ್ತೆಫನನಿಗೆ ಕ್ಷಮಿಸು ಎಂದು ಬೋಧಿಸಿದನೆಂದು ಎಲ್ಲಿಯೂ ಬರೆದಿಲ್ಲ.

ನಮ್ಮ ದೇಶದಲ್ಲಿಯೇ ನಡೆದ ಒಂದು ಸಂಗತಿಯನ್ನು ನೋಡೋಣ. ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯನ್ನು ಮಾಡುತ್ತಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಎಂಬವರನ್ನೂ ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನೂ 1999ನೇ ಇಸವಿಯ ಜನವರಿ ತಿಂಗಳಲ್ಲಿ ಮನೋಹರಪುರವೆಂಬ ಹಳ್ಳಿಯಲ್ಲಿ, ಅವರು ವಾಹನದಲ್ಲಿ ಮಲಗಿದ್ದಾಗ, ಒಂದು ಗುಂಪು ಸುಟ್ಟು ಕೊಂದಿತು. ಅವರ ಹೆಂಡತಿಯಾದ ಗ್ಲಾಡಿಸ್ ಸ್ಟೇನ್ಸ್ ಅವರು ಕೊಂದವರನ್ನು ಕ್ಷಮಿಸಿದ್ದೇನೆಂದು ಬಹಿರಂಗವಾಗಿ ತಿಳಿಸಿದರು. ಅವರು ದೇಶವನ್ನು ಬಿಟ್ಟು ಓಡದೆ, ಮಗಳೊಂದಿಗೆ ಅಲ್ಲಿಯೇ ಉಳಿದು, 2004ರ ವರೆಗೆ ಕುಷ್ಠರೋಗಿಗಳ ಸೇವೆಯನ್ನು ಮುಂದರಿಸಿದರು; 2005ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀ ಬಿರುದನ್ನು ಕೊಟ್ಟಿತು. ಇದನ್ನು ನಮ್ಮ ಸಭೆಗಳಲ್ಲಿ ಅನೇಕರು ಬಲ್ಲರು. ಆದರೆ ಇದರ ಇನ್ನೊಂದು ಪಾರ್ಶ್ವವನ್ನು ಕೆಲವರು ಗಮನಿಸುವದಿಲ್ಲ. ಅವರು ಕ್ಷಮಿಸಿದ್ದರಿಂದ ನ್ಯಾಯವಿಚಾರಣೆಯು ನಿಲ್ಲಲಿಲ್ಲ. 2003ರಲ್ಲಿ ಅಪರಾಧವು ಸ್ಥಾಪಿತವಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸ್ಥಿರಪಡಿಸಿತು. ಆ ವಿಧವೆಯ ಕ್ಷಮೆಯು ಹೃದಯದಲ್ಲಿ ನಡೆದ ಕಾರ್ಯ. ನ್ಯಾಯಾಲಯದ ಶಿಕ್ಷೆಯು ಮುಂದಿನ ದಾರಿಗರನ್ನು ಕಾಯುವದಕ್ಕೋಸ್ಕರ ಅಧಿಕಾರಿಗಳಿಗೆ ಒಪ್ಪಿಸಲ್ಪಟ್ಟ ಕಾರ್ಯ (ರೋಮಾಪುರದವರಿಗೆ 13:1-4). ಒಂದು ಮತ್ತೊಂದನ್ನು ಅಳಿಸುವದಿಲ್ಲ. ಮತ್ತು ಆ ಕ್ಷಮೆಯಲ್ಲಿ ಬಲವಿದ್ದದ್ದು ಯಾಕೆ? ಅದು ಅವರದೇ ಆಗಿತ್ತು. ಸಭೆಯ ಹಿರಿಯರು ಕೂಟ ಕೂಡಿಸಿ ಅವರಿಂದ ಕಿತ್ತುಕೊಂಡದ್ದಾಗಿರಲಿಲ್ಲ.

ನಾವು ಒಬ್ಬರಿಗೆ ಬೇಗನೆ ಕ್ಷಮಿಸೆಂದು ಬೋಧಿಸುವಾಗ ನಮ್ಮನ್ನೇ ಕೇಳಿಕೊಳ್ಳತಕ್ಕ ಒಂದು ಪ್ರಶ್ನೆ ಉಂಟು: ಈ ಕ್ಷಮೆಯಿಂದ ಯಾರಿಗೆ ಲಾಭ? ಅನೇಕ ಸಾರಿ ಗಾಯಪಟ್ಟವನಿಗಲ್ಲ, ಸಭೆಯ ಹೆಸರಿಗೆ. ಅಪರಾಧಿಯ ಐಶ್ವರ್ಯವಂತರಾದ ನಂಟರಿಗೆ. ಗಲಾಟೆಯಿಲ್ಲದೆ ಹಬ್ಬವನ್ನು ನಡಿಸಬೇಕೆಂದಿರುವ ಹಿರಿಯರಿಗೆ. ಜನರ ಗಾಯವನ್ನು ಮೇಲೆ ಮೇಲೆ ವಾಸಿಮಾಡಿ, ಸಮಾಧಾನವಿಲ್ಲದಿರುವಾಗ ಸಮಾಧಾನವೆನ್ನುವವರನ್ನು ಪ್ರವಾದಿಯಾದ ಯೆರೆಮೀಯನು ಗದರಿಸಿದ್ದಾನಲ್ಲವೇ (6:14)? ನಮ್ಮ ಕರ್ತನು ಪರ್ವತಪ್ರಸಂಗದಲ್ಲಿ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಒಂದಾಗೆಂದು ಹೇಳಿದ್ದು ಯಾರಿಗೆ? ಯಾರ ಮೇಲೆ ಸಹೋದರನಿಗೆ ದೂರು ಉಂಟೋ ಅವನಿಗೆ (ಮತ್ತಾಯ 5:23-24). ನಡೆಯಬೇಕಾದ ಮೊದಲನೆಯ ಹೆಜ್ಜೆ ಅನ್ಯಾಯ ಮಾಡಿದವನದು. ಜಕ್ಕಾಯನು ಮಾನಸಾಂತರ ಹೊಂದಿದಾಗ ತಾನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ತಿರಿಗಿ ಕೊಡುವೆನೆಂದನು. ಬಡವರು ತನ್ನನ್ನು ಕ್ಷಮಿಸಲಿಲ್ಲವೆಂದು ದೂರಲಿಲ್ಲ. ಆದದರಿಂದ ಗಾಯಪಟ್ಟವನಿಗೆ ಕ್ಷಮೆಯ ಬಾಗಿಲನ್ನು ತೋರಿಸುವದು ನಮ್ಮ ಕೆಲಸ. ಅವನನ್ನು ಅದರೊಳಗೆ ನೂಕುವದು ನಮ್ಮ ಕೆಲಸವಲ್ಲ. ಪವಿತ್ರಾತ್ಮನು ತಕ್ಕ ಕಾಲದಲ್ಲಿ ಮಾಡುವ ಕೆಲಸವನ್ನು ಪಂಚಾಯಿತಿಯವರು ಮಾಡಲಾರರು.

ನಾಲ್ಕನೆಯದಾಗಿ, ಕ್ರೈಸ್ತನು ಕೋರ್ಟಿಗೆ ಹೋಗಬಾರದೆಂದು ಪೌಲನು ಬರೆದಿದ್ದಾನಲ್ಲಾ (1 ಕೊರಿಂಥ 6) ಎಂಬ ಆಕ್ಷೇಪಣೆ. ಪೌಲನು ಅಲ್ಲಿ ಸಹೋದರರ ನಡುವೆ ನಡೆಯುವ ಬದುಕಿನ ಅಲ್ಪ ವ್ಯಾಜ್ಯಗಳನ್ನು ಕುರಿತು ಬರೆಯುತ್ತಾನೆ. ಕೊಲೆಯನ್ನೂ ಬಲಾತ್ಕಾರವನ್ನೂ ಮುಚ್ಚಿಡಿರೆಂದು ಬರೆಯುವದಿಲ್ಲ. ಅದೇ ಪೌಲನು ತಾನು ಅನ್ಯಾಯಕ್ಕೆ ಗುರಿಯಾದಾಗ ಏನು ಮಾಡಿದನು? ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡಿಸಿ ಸೆರೆಗೆ ಹಾಕಿದ ಅಧಿಕಾರಿಗಳು ಗುಟ್ಟಾಗಿ ಕಳುಹಿಸಿಬಿಡಲು ನೋಡಿದಾಗ, ಅವರೇ ಬಂದು ತಮ್ಮನ್ನು ಹೊರಗೆ ಕರಕೊಂಡು ಹೋಗಲೆಂದನು (ಅಪೊಸ್ತಲರ ಕೃತ್ಯಗಳು 16:37). ನಾಲ್ವತ್ತಕ್ಕೆ ಹೆಚ್ಚು ಮಂದಿ ಅವನನ್ನು ಕೊಲ್ಲಲು ಒಳಸಂಚು ಮಾಡಿದ್ದನ್ನು ಅವನ ಸಹೋದರಿಯ ಮಗನು ತಿಳಿದು ಬಂದಾಗ, ಪೌಲನು ಆ ಹುಡುಗನನ್ನು ಸಹಸ್ರಾಧಿಪತಿಯ ಬಳಿಗೆ ಕಳುಹಿಸಿದನು. ಆ ಅಧಿಕಾರಿಯು ಇನ್ನೂರು ಸಿಪಾಯಿಗಳನ್ನೂ ಎಪ್ಪತ್ತು ರಾವುತರನ್ನೂ ಇನ್ನೂರು ಭರ್ಜಿಯವರನ್ನೂ ಕಾವಲಾಗಿ ಕೊಟ್ಟನು (23:12-24). ಆ ಹುಡುಗನು ದೊಡ್ಡವರ ಸಂಗತಿ ನನಗೆ ಯಾಕೆಂದು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ಅಧಿಕಾರದ ರಕ್ಷಣೆಯನ್ನು ಬೇಡುವದು ಅವಿಶ್ವಾಸವಲ್ಲ.

ಐದನೆಯದಾಗಿ ರಾಜಿಯ ವಿಷಯ. ಹಳ್ಳಿಗಳಲ್ಲಿ ದೊಡ್ಡ ಅಪರಾಧಗಳನ್ನು ಸಹ ಹಣ ಕೊಟ್ಟು ತೀರಿಸುವ ವಾಡಿಕೆ ಉಂಟು. ಕಾಯಿದೆಯು ಇದರಲ್ಲಿ ಒಂದು ಭೇದವನ್ನು ಮಾಡುತ್ತದೆ. ಸಾಧಾರಣವಾದ ಪೆಟ್ಟು ಮುಂತಾದ ಚಿಕ್ಕ ಅಪರಾಧಗಳಲ್ಲಿ ಪೆಟ್ಟು ತಿಂದವನು ತಾನೇ ರಾಜಿ ಮಾಡಿಕೊಳ್ಳಬಹುದು. ಅವನೇ ಹೊರತು ಊರಿನ ಪಂಚರಲ್ಲ ಎಂಬದನ್ನು ಗಮನಿಸಿರಿ. ಕೊಲೆ, ಬಲಾತ್ಕಾರ ಮುಂತಾದವುಗಳಲ್ಲಿ ಯಾರೂ ರಾಜಿ ಮಾಡಲಾರರು. ಬಲಾತ್ಕಾರದ ಮೊಕದ್ದಮೆಗಳಲ್ಲಿ ರಾಜಿಯನ್ನಾಗಲಿ ಮಧ್ಯಸ್ತಿಕೆಯನ್ನಾಗಲಿ ಯೋಚಿಸಲೂ ಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಕಠಿನವಾಗಿ ಹೇಳಿತು. ಕೆಡಿಸಿದವನಿಗೇ ಹುಡುಗಿಯನ್ನು ಮದುವೆಮಾಡಿ ಕೊಟ್ಟು ಮಾನ ಉಳಿಸಿದೆವೆಂದು ಹೇಳುವವರು ಯಾರ ಮಾನವನ್ನು ಉಳಿಸಿದರು? ಅವಳದನ್ನಂತೂ ಅಲ್ಲ.

ಆದರೆ ಇಲ್ಲಿ ನಮ್ಮನ್ನು ಚುಚ್ಚುವ ಒಂದು ಮಾತನ್ನೂ ಹೇಳಲೇಬೇಕು. ಕೂಲಿ ಮಾಡುವ ಒಬ್ಬನ ಕೈ ಮುರಿದಿದೆ ಎಂದಿಟ್ಟುಕೊಳ್ಳೋಣ. ಮೊಕದ್ದಮೆಗೆ ವರುಷಗಳು ಹಿಡಿಯುವವು, ಮನೆಯಲ್ಲಿ ಅಕ್ಕಿಯಿಲ್ಲ, ಹೊಡೆದವನು ಇಂದೇ ಹಣ ಕೊಡುತ್ತೇನೆ, ಸಾಕ್ಷಿ ಹೇಳಬೇಡ ಅನ್ನುತ್ತಾನೆ. ಹೊಟ್ಟೆ ತುಂಬಿದ ನಾವು ಅವನಿಗೆ ನ್ಯಾಯವನ್ನು ಮಾರಬೇಡವೆಂದು ಹೇಳುವದು ಸುಲಭ. ಬಟ್ಟೆಯೂ ಆಹಾರವೂ ಇಲ್ಲದ ಸಹೋದರನಿಗೆ ಬರೀ ಮಾತಿನಿಂದ ಹಾರೈಸಿ ಕಳುಹಿಸುವವನ ನಂಬಿಕೆಯನ್ನು ಯಾಕೋಬನು ಸತ್ತದ್ದೆಂದು ಕರೆಯುತ್ತಾನೆ (2:15-17). ಸತ್ಯದಲ್ಲಿ ನಿಲ್ಲೆಂದು ಅವನಿಗೆ ಬುದ್ಧಿ ಹೇಳುವ ಸಭೆಯು ಅವನ ಅಕ್ಕಿಯ ಭಾರವನ್ನೂ ಹೊರಬೇಕು. ಹೊರಲು ಮನಸ್ಸಿಲ್ಲದವರು ಅವನ ಬಲಹೀನತೆಯನ್ನು ಖಂಡಿಸದಿರಲಿ.

ಸರಕಾರದ ನೆರವನ್ನೂ ನಾವು ತಿಳಿದಿರಬೇಕು. ಅಪರಾಧಿಯನ್ನು ಶಿಕ್ಷಿಸಿದರೆ ಸಾಕು, ಗಾಯಪಟ್ಟವನ ಗತಿ ಏನೆಂದು ಬಹು ಕಾಲದ ವರೆಗೆ ರಾಜ್ಯಗಳು ಕೇಳುತ್ತಿರಲಿಲ್ಲ. 1963ರಲ್ಲಿ ನ್ಯೂಜಿಲೆಂಡ್ ದೇಶವು ಅಪರಾಧದಿಂದ ಕೆಟ್ಟವರಿಗೆ ಸರಕಾರದ ಬೊಕ್ಕಸದಿಂದ ಪರಿಹಾರ ಕೊಡುವ ಕಾಯಿದೆಯನ್ನು ಮಾಡಿತು. 1985ರಲ್ಲಿ ಸಂಯುಕ್ತ ರಾಷ್ಟ್ರಗಳ ಮಹಾಸಭೆಯು ಇಂಥವರ ಹಕ್ಕುಗಳನ್ನು ಕುರಿತು ಒಂದು ಘೋಷಣೆಯನ್ನು ಹೊರಡಿಸಿತು. ನಮ್ಮ ದೇಶದಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ವಿ. ಎಸ್. ಮಳಿಮಠರ ಸಮಿತಿಯು 2003ರಲ್ಲಿ ಒಪ್ಪಿಸಿದ ವರದಿಯಲ್ಲಿ ಅನ್ಯಾಯಕ್ಕೆ ಗುರಿಯಾದವರ ಪಕ್ಷವನ್ನು ಎತ್ತಿ ಹಿಡಿಯಿತು. 2009ರ ಡಿಸೆಂಬರ್ 31ರಿಂದ ಪರಿಹಾರದ ವಿಧಿಯು ಕಾಯಿದೆಯಲ್ಲಿ ಸೇರಿತು; ಕರ್ನಾಟಕದಲ್ಲಿ 2011ರ ಯೋಜನೆಯು ಅದಕ್ಕನುಸಾರವಾಗಿ ಏರ್ಪಟ್ಟಿತು. 2024ನೇ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 396ನೆಯ ಕಲಮು ಇದನ್ನು ಮುಂದರಿಸಿದೆ. ಅಪರಾಧಿಯು ಯಾರೆಂದು ಗೊತ್ತಾಗದಿದ್ದರೂ ಗಾಯಪಟ್ಟವನು ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಸ್ತ್ರೀಯರಿಗೂ ಮಕ್ಕಳಿಗೂ ಬಡವರಿಗೂ ಅಲ್ಲಿ ಹಣವಿಲ್ಲದೆ ವಕೀಲರು ದೊರೆಯುತ್ತಾರೆ. 15100 ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ಕೇಳಬಹುದು. ಅಪಾಯದಲ್ಲಿರುವ ಸ್ತ್ರೀಯರಿಗೆ 181, ಮಕ್ಕಳಿಗೆ 1098, ಎಲ್ಲರಿಗೂ 112. ಅಪರಾಧವು ಬೇರೆ ಠಾಣೆಯ ಮೇರೆಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರನ್ನು ಬರೆಯಿಸಬಹುದು. ಅದರ ಪ್ರತಿಯು ದೂರು ಕೊಟ್ಟವರಿಗೆ ಉಚಿತವಾಗಿ ಸಲ್ಲತಕ್ಕದ್ದು. ಬಲಾತ್ಕಾರಕ್ಕೂ ಆಮ್ಲದ ದಾಳಿಗೂ ಗುರಿಯಾದವರಿಗೆ ಸರಕಾರಿ ಆಸ್ಪತ್ರೆಯೇ ಆಗಲಿ ಖಾಸಗಿ ಆಸ್ಪತ್ರೆಯೇ ಆಗಲಿ ಒಡನೆ ಉಚಿತವಾಗಿ ಚಿಕಿತ್ಸೆ ಮಾಡಲೇಬೇಕು. ಬಲಾತ್ಕಾರವಾದಾಗ ವೈದ್ಯರು ನೋಡುವ ತನಕ ಸ್ನಾನ ಮಾಡದೆ, ಬಟ್ಟೆಗಳನ್ನು ತೊಳೆಯದೆ ಇಟ್ಟುಕೊಳ್ಳುವದು ಸಾಕ್ಷ್ಯಕ್ಕೆ ಅವಶ್ಯ. ಸಭೆಯ ಹಿರಿಯರೂ ಸ್ತ್ರೀ ಸಂಘದವರೂ ಇಷ್ಟನ್ನಾದರೂ ಬಲ್ಲವರಾಗಿರಬೇಕು. ಅಜ್ಞಾನದಿಂದ ಹಾಳಾದ ನ್ಯಾಯವು ಒಳ್ಳೇ ಮನಸ್ಸಿನಿಂದ ಹಿಂದಕ್ಕೆ ಬರುವದಿಲ್ಲ.

ಆರನೆಯದಾಗಿ, ಮತ್ತೊಬ್ಬರ ಗಾಯವನ್ನು ನಮ್ಮ ಧ್ವಜವಾಗಿ ಮಾಡಿಕೊಳ್ಳುವ ಪಾಪ. ಎರಡನೆಯ ಸಮುವೇಲನ 13ನೆಯ ಅಧ್ಯಾಯದಲ್ಲಿ ದಾವೀದನ ಮಗಳಾದ ತಾಮಾರಳ ಸಂಗತಿ ಬರೆದದೆ. ಅಮ್ನೋನನು ಅವಳನ್ನು ಕೆಡಿಸಿದನು. ಅವಳ ಅಣ್ಣನಾದ ಅಬ್ಷಾಲೋಮನು ಅವಳಿಗೆ ಸುಮ್ಮನಿರೆಂದು ಹೇಳಿದನು. ಅರಸನಾದ ದಾವೀದನು ಕೋಪಗೊಂಡನು. ಆದರೆ ಕೋಪಗೊಂಡದ್ದಲ್ಲದೆ ಏನೂ ಮಾಡಲಿಲ್ಲ. ಎರಡು ವರುಷಗಳಾದ ಮೇಲೆ ಅಬ್ಷಾಲೋಮನು ಅಮ್ನೋನನನ್ನು ಕೊಲ್ಲಿಸಿದನು. ಕಡೆಗೆ ರಾಜ್ಯವೆಲ್ಲಾ ಅಂತಃಕಲಹದಲ್ಲಿ ಬಿದ್ದಿತು. ಇದರಲ್ಲಿ ತಾಮಾರಳಿಗೆ ದೊರೆತದ್ದೇನು? ಅಣ್ಣನ ಮನೆಯಲ್ಲಿ ಹಾಳಾಗಿ ಉಳಿದಳೆಂಬ ಮಾತಿನ ತರುವಾಯ ಆ ಕಥೆಯಲ್ಲಿ ಅವಳ ಸ್ವರವೇ ಕೇಳಿಬರುವದಿಲ್ಲ. ತಂದೆಯು ಅವಳ ನ್ಯಾಯವನ್ನು ಮರೆತನು. ಅಣ್ಣನು ಅವಳ ದುಃಖವನ್ನು ತನ್ನ ಹಗೆಗೆ ಉರುವಲು ಮಾಡಿಕೊಂಡನು. ಅವಳಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ. ನಮ್ಮ ಹಳ್ಳಿಗಳಲ್ಲಿ ದೂರು ಬರೆಯುವಾಗ ಹೊಡೆದವನ ಹೆಸರಿನ ಸಂಗಡ, ಹೊಡೆಯದೆ ಇದ್ದ ಅವನ ಅಣ್ಣತಮ್ಮಂದಿರ ಹೆಸರುಗಳನ್ನೂ ಸೇರಿಸಿ ಹಳೇ ವೈರವನ್ನು ತೀರಿಸುವವರು ಇಂಥ ಅಬ್ಷಾಲೋಮರೇ. ಇದು ಸುಳ್ಳುಸಾಕ್ಷಿಯೆಂಬ ಪಾಪವಾಗಿರುವದಲ್ಲದೆ ಗಾಯಪಟ್ಟವನಿಗೂ ದ್ರೋಹ. ಯಾಕಂದರೆ ಒಂದು ಸುಳ್ಳು ಬೈಲಿಗೆ ಬಂದಾಗ ಅವನ ನಿಜವೂ ಅದರೊಂದಿಗೆ ಬಿದ್ದುಹೋಗುವದು.

ಕಡೆಯದಾಗಿ, ನೆರವಿನ ಕಾಲವೆಷ್ಟು? ಮೊದಲನೆಯ ವಾರದಲ್ಲಿ ಮನೆ ತುಂಬಾ ಜನ. ಮೂರನೆಯ ತಿಂಗಳಲ್ಲಿ ಯಾರೂ ಇಲ್ಲ. ಸಾಕ್ಷಿ ಹೇಳುವ ದಿನ ಬಂದಾಗ ಮೊಕದ್ದಮೆಯು ಮುಂದಕ್ಕೆ ಹಾಕಲ್ಪಡುವದು. ತಿರಿಗಿ ಬಸ್ಸಿನ ಖರ್ಚು, ತಿರಿಗಿ ಕೂಲಿಯ ನಷ್ಟ, ಎದುರು ಪಕ್ಷದವರ ಬೆದರಿಕೆ. ಸಾಕ್ಷಿಗಳನ್ನು ಕಾಪಾಡುವ ಒಂದು ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಒಪ್ಪಿ ದೇಶಕ್ಕೆಲ್ಲಾ ಅನ್ವಯಿಸಿತು. ಆದರೂ ಕೋರ್ಟಿನ ಜಗಲಿಯಲ್ಲಿ ಪಕ್ಕದಲ್ಲಿ ಕೂತುಕೊಳ್ಳುವ ಒಬ್ಬ ಸ್ನೇಹಿತನ ಕೆಲಸವನ್ನು ಯಾವ ಯೋಜನೆಯೂ ಮಾಡಲಾರದು. ಸಮಾರ್ಯದವನು ಎರಡು ಹಣಗಳನ್ನು ಕೊಟ್ಟು, ಹೆಚ್ಚು ಖರ್ಚಾದರೆ ತಿರಿಗಿ ಬರುವಾಗ ಕೊಡುವೆನೆಂದನು. ಅವನು ತಾನೇ ಎಲ್ಲವನ್ನು ಮಾಡುವೆನೆಂದು ಹಟಹಿಡಿಯದೆ, ಸತ್ರದವನ ಕೈಗೆ ಒಪ್ಪಿಸಿದ್ದನ್ನೂ ನೋಡಿರಿ. ವೈದ್ಯರೂ ವಕೀಲರೂ ಮಾಡತಕ್ಕದ್ದನ್ನು ನಾವು ಮಾಡಹೋಗಬಾರದು. ಆದರೆ ಒಪ್ಪಿಸಿದ ಮೇಲೆ ತಿರಿಗಿ ಬಂದು ವಿಚಾರಿಸುವದನ್ನು ಮರೆಯಬಾರದು. ಮತ್ತು ಅವನು ತನ್ನ ಉಪಕಾರಕ್ಕೆ ಯಾವ ಕರಾರನ್ನೂ ಹಚ್ಚಲಿಲ್ಲ. ಗಾಯಪಟ್ಟವನು ನಮ್ಮ ಮತದವನಲ್ಲದಿದ್ದರೆ, ನಮ್ಮ ನೆರವಿಗೆ ಬದಲಾಗಿ ಆಲಯಕ್ಕೆ ಬರಬೇಕೆಂಬ ಇಂಗಿತವನ್ನು ಸಹ ತೋರಿಸಬಾರದು. ದುಃಖದಲ್ಲಿರುವವನ ಬಲಹೀನತೆಯನ್ನು ಉಪಯೋಗಿಸಿಕೊಂಡು ಹೊಂದಿದ ಹಿಂಬಾಲಕನು ಕ್ರಿಸ್ತನಿಗೆ ಮಹಿಮೆಯನ್ನು ತರುವದಿಲ್ಲ.

ಪ್ರಿಯರೇ, ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿ ಒಂದು ವಿಚಿತ್ರವಾದ ವಿಧಿಯುಂಟು. ಹೊಲದಲ್ಲಿ ಒಬ್ಬನು ಕೊಲ್ಲಲ್ಪಟ್ಟು ಬಿದ್ದಿದ್ದು, ಕೊಂದವನು ಯಾರೆಂದು ತಿಳಿಯದಿದ್ದರೆ, ಹಿರಿಯರೂ ನ್ಯಾಯಾಧಿಪತಿಗಳೂ ಹೊರಟು ಬಂದು, ಆ ಹೆಣದಿಂದ ಸುತ್ತಲಿರುವ ಊರುಗಳ ವರೆಗೆ ಅಳೆಯಬೇಕು. ಯಾವ ಊರು ಎಲ್ಲಾದಕ್ಕಿಂತ ಸಮೀಪವೋ ಆ ಊರಿನ ಹಿರಿಯರು ದೇವರ ಮುಂದೆ ನಿಂತು ಉತ್ತರ ಕೊಡಬೇಕು. ಅವರು ಕೊಂದವರಲ್ಲ, ಆದರೂ ಸಮೀಪದವರಾಗಿದ್ದದರಿಂದ ಹೊಣೆಯುಳ್ಳವರಾದರು. ನಮ್ಮ ಸುತ್ತಲೂ ಬಿದ್ದಿರುವವರಿಂದ ನಮ್ಮ ಆಲಯದ ಬಾಗಲಿನ ವರೆಗೆ ಎಷ್ಟು ದೂರವೆಂಬದನ್ನು ನಮ್ಮ ಹಿರಿಯರೂ ಅಳೆದು ನೋಡಲಿ. ಸಮೀಪವೆಂದು ಕಂಡುಬಂದರೆ ಹೋಗೋಣ. ಹೋದಾಗ ಕಡಿಮೆ ಮಾತಾಡಿ ಹೆಚ್ಚಾಗಿ ಕೇಳೋಣ. ಅವರದಾಗಿರುವದನ್ನು ಅವರಿಗೇ ಬಿಟ್ಟು, ನಾವು ಹೊರಬಹುದಾದ ಭಾರವನ್ನು ಮಾತ್ರ ಎತ್ತಿಕೊಳ್ಳೋಣ. ತಾನೇ ಹೊಡೆಯಲ್ಪಟ್ಟು, ಸುಲಿಯಲ್ಪಟ್ಟು, ಅನ್ಯಾಯವಾದ ತೀರ್ಪನ್ನು ಸಹಿಸಿದ ನಮ್ಮ ಕರ್ತನು ಇದಕ್ಕೆ ಬೇಕಾದ ತಾಳ್ಮೆಯನ್ನೂ ಧೈರ್ಯವನ್ನೂ ನಮ್ಮೆಲ್ಲರಿಗೆ ಅನುಗ್ರಹಿಸಲಿ.